ಕೊಳೆಯಲು ತಡವಾದ ಎಲೆಗಳು: ಮಾನ್ಸ್‌ಫೆಲ್ಡ್ ತಾಮ್ರ ಗಣಿ ಪ್ರದೇಶದ ಜಲವಾಸಿ ಶಿಲೀಂಧ್ರಗಳು

ಗಣಿಯ ನೀರು ಸೇರಿ ಹೊಳೆಯಲ್ಲಿ ಮೀನು ಸತ್ತು ತೇಲಿದರೆ ಸುದ್ದಿಯಾಗುತ್ತದೆ. ನೀರಿನ ಬಣ್ಣ ಬದಲಾದರೆ ದೂರು ದಾಖಲಾಗುತ್ತದೆ. ತೊರೆಯ ತಳಕ್ಕೆ ಬಿದ್ದ ತರಗೆಲೆ ವಾರಗಟ್ಟಲೆ ಹಾಗೆಯೇ ಉಳಿದರೆ ಮಾತ್ರ ಯಾರೂ ಗಮನಿಸುವುದಿಲ್ಲ. ಮರಗಳ ನೆರಳಿನಲ್ಲಿ ಹರಿಯುವ ಸಣ್ಣ ತೊರೆಗಳಿಗೆ ಬಿಸಿಲು ಕಡಿಮೆ, ಪಾಚಿ ಬೆಳೆಯುವುದೂ ಅಷ್ಟಕ್ಕಷ್ಟೇ. ಅಲ್ಲಿನ ಹುಳುಗಳಿಂದ ಮೀನಿನವರೆಗೆ ಬಹುಪಾಲು ಜೀವಿಗಳ ಅನ್ನ ದಡದ ಮರಗಳಿಂದ ಉದುರುವ ಎಲೆಯಲ್ಲಿದೆ. ಆ ಎಲೆಯನ್ನು ತಿನ್ನಲು ಯೋಗ್ಯವಾಗಿಸುವ ಕೆಲಸವನ್ನು ಜಲವಾಸಿ ಶಿಲೀಂಧ್ರಗಳು ಮಾಡುತ್ತವೆ. ಗಣಿಗಾರಿಕೆ ಈ ಶಿಲೀಂಧ್ರಗಳಿಗೆ ಏನು ಮಾಡುತ್ತದೆ ಎಂಬುದನ್ನು ತಿಳಿಯಲು ನೋಡಬೇಕಾದ ಪ್ರಕರಣಗಳಲ್ಲಿ ಮಧ್ಯ ಜರ್ಮನಿಯ ಮಾನ್ಸ್‌ಫೆಲ್ಡ್ ಪ್ರದೇಶದ್ದು ಮುಖ್ಯವಾದುದು. ಅಷ್ಟು ವಿಷಪೂರಿತ ನೀರಿನಲ್ಲಿಯೂ ಕೆಲವು ಶಿಲೀಂಧ್ರಗಳು ಬದುಕಿದ್ದವು ಎಂಬುದು ಅಲ್ಲಿನ ಅಧ್ಯಯನಗಳಿಂದ ಹೊರಬಂದ ಅಚ್ಚರಿಯ ಸಂಗತಿ. ಆ ಸಂಗತಿಯನ್ನು ಸಮಾಧಾನದ ಸುದ್ದಿಯೆಂದು ಓದುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಏಕೆ ತಪ್ಪು ಎಂಬುದನ್ನು ಹೇಳುವುದಕ್ಕಾಗಿಯೇ ಈ ಪ್ರಕರಣವನ್ನು ಇಲ್ಲಿ ವಿವರವಾಗಿ ಬಿಡಿಸಿದ್ದೇನೆ.

ಎಂಟು ಶತಮಾನಗಳ ಗಣಿ

ಮಾನ್ಸ್‌ಫೆಲ್ಡ್ ಪ್ರದೇಶವು ಸಾಕ್ಸನಿ-ಆನ್‌ಹಾಲ್ಟ್ ರಾಜ್ಯದಲ್ಲಿ, ಹಾರ್ಟ್ಸ್ ಬೆಟ್ಟಗಳ ಪೂರ್ವದ ತಪ್ಪಲಿನಲ್ಲಿದೆ. ಐಸ್ಲೇಬೆನ್, ಹೆಟ್‌ಸ್ಟೆಟ್, ಹೆಲ್ಬ್ರಾ ಅಲ್ಲಿನ ಊರುಗಳು. 1483ರಲ್ಲಿ ಐಸ್ಲೇಬೆನ್‌ನಲ್ಲಿ ಹುಟ್ಟಿದ ಧರ್ಮಸುಧಾರಕ ಮಾರ್ಟಿನ್ ಲೂಥರ್ ಅವರ ತಂದೆ ಇದೇ ಪ್ರದೇಶದ ತಾಮ್ರ ಉದ್ಯಮದಲ್ಲಿ ತೊಡಗಿದ್ದವರು. ಗಣಿಯೊಳಗಿನ ನೀರನ್ನು ಮೇಲೆತ್ತಲು 1785ರಲ್ಲಿ ಹೆಟ್‌ಸ್ಟೆಟ್ ಬಳಿ ಓಡಿದ ಯಂತ್ರವು ಜೇಮ್ಸ್ ವಾಟ್ ಮಾದರಿಯಲ್ಲಿ ಜರ್ಮನಿಯಲ್ಲೇ ತಯಾರಾದ ಮೊದಲ ಉಗಿಯಂತ್ರ. ಸುಮಾರು 1200ರ ಹೊತ್ತಿಗೆ ಶುರುವಾದ ಗಣಿಗಾರಿಕೆ 1990ರಲ್ಲಿ ಪೂರ್ತಿಯಾಗಿ ನಿಂತಿತು. ಈ ಅವಧಿಯಲ್ಲಿ ಮಾನ್ಸ್‌ಫೆಲ್ಡ್ ಮತ್ತು ಪಕ್ಕದ ಸಾಂಗರ್‌ಹೌಸನ್ ಗಣಿಗಳಿಂದ ಸುಮಾರು 26 ಲಕ್ಷ ಟನ್ ತಾಮ್ರ, 14 ಸಾವಿರ ಟನ್ ಬೆಳ್ಳಿ ಹೊರಬಂದಿದೆ.

ಅದಿರು ಇದ್ದದ್ದು ಕಪ್ಪು ಜೇಡಿಗಲ್ಲಿನ ಪದರವೊಂದರಲ್ಲಿ. ಕೋಟ್ಯಂತರ ವರ್ಷ ಹಿಂದಿನ ಪರ್ಮಿಯನ್ ಯುಗದ ಸಮುದ್ರದ ತಳದಲ್ಲಿ ಕೂಡಿಬಂದ ಈ ಪದರದ ದಪ್ಪ ಅರ್ಧ ಮೀಟರಿನ ಆಸುಪಾಸು, ಹಲವೆಡೆ ಅದಕ್ಕಿಂತಲೂ ಕಡಿಮೆ. ಹಿಂದಿನ ಕಾಲದ ಗಣಿ ಕಾರ್ಮಿಕರು ನೆಲಕ್ಕೆ ಒರಗಿ ಮಲಗಿಕೊಂಡೇ ಅಗೆಯಬೇಕಾಗಿತ್ತು. ತಾಮ್ರ ಮತ್ತು ಬೆಳ್ಳಿಯ ಜೊತೆಗೆ ಸತು, ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಮೊದಲಾದ ಧಾತುಗಳೂ ಅದೇ ಕಲ್ಲಿನಲ್ಲಿವೆ. ಬೇಡವಾದ ಕಲ್ಲನ್ನು ಮೇಲೆ ರಾಶಿ ಹಾಕಿದರು. ಹಳೆಯ ಕಾಲದ ಸಣ್ಣ ದಿಬ್ಬಗಳಿಂದ ಹಿಡಿದು ಇಪ್ಪತ್ತನೆಯ ಶತಮಾನದ ದೊಡ್ಡ ಶಂಕುವಿನಾಕಾರದ ಗುಡ್ಡಗಳವರೆಗೆ ಆ ರಾಶಿಗಳು ಇಂದಿಗೂ ಅಲ್ಲಿವೆ. ಅದಿರನ್ನು ಕರಗಿಸಿದಾಗ ಉಳಿದ ಕಿಟ್ಟದ ಒಂದು ಭಾಗವನ್ನು ಅಚ್ಚು ಹಾಕಿ ರಸ್ತೆಗೆ ಹಾಸುಗಲ್ಲು ಮಾಡಿದರು.

ಈ ಪ್ರಕರಣದ ಕೇಂದ್ರದಲ್ಲಿರುವುದು ಮಾತ್ರ ಕಲ್ಲೂ ಅಲ್ಲ, ಕಿಟ್ಟವೂ ಅಲ್ಲ. ಹೊಗೆಯನ್ನು ತೊಳೆದ ಕೆಸರು. ಕುಲುಮೆಯಿಂದ ಹೊರಡುವ ಅನಿಲದಲ್ಲಿನ ದೂಳನ್ನು ನೀರು ಚಿಮುಕಿಸಿ ಹಿಡಿಯುತ್ತಿದ್ದರು. ಹೀಗೆ ದೂಳು ತೊಳೆಯುವ ಯಂತ್ರದ ಹೆಸರಿನಿಂದ ಈ ಕೆಸರಿಗೆ ಟೈಸನ್ ಕೆಸರು ಎಂಬ ಹೆಸರು ಬಂತು. ಬಿಸಿಗೆ ಆವಿಯಾಗಿ ಮೇಲೇರುವ ಲೋಹಗಳೆಲ್ಲ ಇದರಲ್ಲಿ ಸಾಂದ್ರವಾಗಿ ಕೂಡಿಕೊಳ್ಳುತ್ತವೆ: ಸತು ಮತ್ತು ಸೀಸ ಹೇರಳ, ಜೊತೆಗೆ ತಾಮ್ರ, ಕ್ಯಾಡ್ಮಿಯಂ, ಆರ್ಸೆನಿಕ್, ಅಲ್ಲದೆ ಕಲ್ಲಿನಲ್ಲಿದ್ದ ಜಿಡ್ಡಿನಂಶ ಅರೆಬೆಂದು ಹುಟ್ಟಿದ ಸಾವಯವ ವಿಷಗಳು. ಹೆಲ್ಬ್ರಾದ ಕುಲುಮೆ 1990ರಲ್ಲಿ ಆರಿದಾಗ ಎರಡು ಲಕ್ಷ ಟನ್‌ಗೂ ಹೆಚ್ಚು ಕೆಸರು ಸಂಗ್ರಹದಲ್ಲಿ ಉಳಿದಿತ್ತು. ಮಳೆ ಬಿದ್ದಾಗ ಇಂಥ ಸಂಗ್ರಹಗಳಿಂದಲೂ ರಾಶಿಗಳಿಂದಲೂ ಲೋಹ ಕರಗಿ ಸಣ್ಣ ತೊರೆಗಳನ್ನು ಸೇರುತ್ತದೆ. ಗಣಿ ಮುಚ್ಚಿತು ಎಂದ ಮಾತ್ರಕ್ಕೆ ಸೋರಿಕೆ ನಿಲ್ಲುವುದಿಲ್ಲ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಗಣಿ ನೀರು ಎಂದೊಡನೆ ನೆನಪಿಗೆ ಬರುವುದು ಗಂಧಕಯುಕ್ತ ಖನಿಜಗಳು ಗಾಳಿಗೆ ತೆರೆದು ಹುಟ್ಟುವ ಕಡು ಆಮ್ಲೀಯ ನೀರು. ಮಾನ್ಸ್‌ಫೆಲ್ಡ್‌ನ ಕಲ್ಲಿನಲ್ಲಿ ಸುಣ್ಣದ ಅಂಶ ಸಾಕಷ್ಟಿದೆ; ಅದು ಆಮ್ಲವನ್ನು ತಣಿಸುತ್ತದೆ. ಆದ್ದರಿಂದ ಇಲ್ಲಿ ಶಿಲೀಂಧ್ರಗಳ ಮೇಲೆ ಆಗುವ ಪರಿಣಾಮವನ್ನು ಆಮ್ಲದ ಹೆಗಲಿಗೆ ಸುಲಭವಾಗಿ ಹೊರಿಸುವಂತಿಲ್ಲ. ಲೋಹಗಳ ಪಾತ್ರವನ್ನು ಹತ್ತಿರದಿಂದ ನೋಡಲು ಇದು ಒಳ್ಳೆಯ ಸನ್ನಿವೇಶ.

ಎಲೆಯ ಮೇಲಿನ ಬದುಕು

ಜಲವಾಸಿ ಶಿಲೀಂಧ್ರಗಳ ಬಗ್ಗೆ ನಮಗಿರುವ ತಿಳಿವಳಿಕೆ ಬಹಳ ಹಳೆಯದಲ್ಲ. ಇಂಗ್ಲೆಂಡಿನ ಲೆಸ್ಟರ್ ಬಳಿಯ ತೊರೆಯೊಂದರಲ್ಲಿ ಕೊಳೆಯುತ್ತಿದ್ದ ಆಲ್ಡರ್ ಮರದ ಎಲೆಗಳ ಮೇಲೆ ವಿಚಿತ್ರ ಆಕಾರದ ಬೀಜಕಗಳನ್ನು (ಶಿಲೀಂಧ್ರ ಹರಡುವ ಸೂಕ್ಷ್ಮ ಕಣಗಳನ್ನು) ಕಂಡು, ಅವುಗಳನ್ನು ಹೊರುವ ಶಿಲೀಂಧ್ರಗಳನ್ನು ಸಿ.ಟಿ. ಇಂಗೋಲ್ಡ್ 1942ರಲ್ಲಿ ವಿವರಿಸಿದರು. ಈ ಗುಂಪಿಗೆ ಇಂಗೋಲ್ಡಿಯನ್ ಶಿಲೀಂಧ್ರಗಳು ಎಂಬ ಹೆಸರೂ ಇದೆ. ಇಂದು ಇವುಗಳಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರಭೇದಗಳು ತಿಳಿದಿವೆ.

ಹಲವು ಪ್ರಭೇದಗಳ ಬೀಜಕಗಳಿಗೆ ನಾಲ್ಕು ತೋಳುಗಳಿರುತ್ತವೆ. ಹರಿಯುವ ನೀರಿನಲ್ಲಿ ತೇಲಿ ಬರುವ ಇಂಥ ಬೀಜಕ ಎಲೆಗೆ ತಾಗಿದಾಗ ಮೂರು ತುದಿಗಳು ಏಕಕಾಲಕ್ಕೆ ಊರಿಕೊಳ್ಳುತ್ತವೆ. ಪ್ರವಾಹ ಅದನ್ನು ಕಿತ್ತೊಯ್ಯುವುದು ಕಷ್ಟವಾಗುತ್ತದೆ. ಇನ್ನು ಕೆಲವು ಪ್ರಭೇದಗಳ ಬೀಜಕ ಉದ್ದನೆಯ, ಬಾಗಿದ ಎಳೆಯಂತಿರುತ್ತದೆ. ಊರಿಕೊಂಡ ಬೀಜಕ ಮೊಳೆತು ಎಲೆಯೊಳಗೆ ಎಳೆಗಳನ್ನು ಹರಡುತ್ತದೆ. ಅವು ಸ್ರವಿಸುವ ಕಿಣ್ವಗಳು ಎಲೆಯ ಪೆಕ್ಟಿನ್ ಮತ್ತು ಸೆಲ್ಯುಲೋಸನ್ನು ಕರಗಿಸುತ್ತವೆ. ಎಲೆ ಮೆತ್ತಗಾಗುತ್ತದೆ; ಶಿಲೀಂಧ್ರದ ದೇಹದಿಂದಾಗಿ ಅದರ ಪೋಷಕಾಂಶವೂ ಹೆಚ್ಚುತ್ತದೆ. ಕೊಳೆಯುವಿಕೆಯ ಮೊದಲ ಹಂತದಲ್ಲಿ ಎಲೆಯ ಮೇಲಿನ ಸೂಕ್ಷ್ಮಜೀವಿಗಳ ಒಟ್ಟು ತೂಕದಲ್ಲಿ ಬ್ಯಾಕ್ಟೀರಿಯಾಗಳ ಪಾಲು ಅತ್ಯಲ್ಪ, ಮಿಕ್ಕ ಬಹುಪಾಲೆಲ್ಲ ಶಿಲೀಂಧ್ರಗಳದ್ದೇ. ಅನುಕೂಲ ಪರಿಸ್ಥಿತಿಯಲ್ಲಿ ಎಲೆಯ ಒಣತೂಕದ ಶೇ 10ಕ್ಕೂ ಮೀರಿ ಶಿಲೀಂಧ್ರವೇ ಇರಬಹುದು. ತೊರೆಯ ಸೀಗಡಿಯಂಥ ಪುಟ್ಟ ಪ್ರಾಣಿ ಗ್ಯಾಮರಸ್ ಮುಂದೆ ಹೊಸ ಎಲೆಯನ್ನೂ ಶಿಲೀಂಧ್ರ ಹಿಡಿದ ಎಲೆಯನ್ನೂ ಇಟ್ಟರೆ ಅದು ಎರಡನೆಯದನ್ನೇ ಆರಿಸಿಕೊಳ್ಳುತ್ತದೆ. ಸಪ್ಪೆ ಹಿಟ್ಟಿಗೂ ಹುದುಗು ಬಂದ ಹಿಟ್ಟಿಗೂ ಇರುವಷ್ಟೇ ವ್ಯತ್ಯಾಸ ಆ ಎರಡು ಎಲೆಗಳ ನಡುವೆ ಇರುತ್ತದೆ.

ಕೆಲವೇ ವಾರಗಳಲ್ಲಿ ಶಿಲೀಂಧ್ರ ತನ್ನ ಬೆಳವಣಿಗೆಯ ದೊಡ್ಡ ಪಾಲನ್ನು ಬೀಜಕಗಳಾಗಿ ನೀರಿಗೆ ಬಿಡುತ್ತದೆ. ಮುಂದೆ ಉದುರುವ ಎಲೆಗಳಿಗೆ ಅವೇ ಬಿತ್ತನೆ. ಈ ಬಿತ್ತನೆಯ ಸಂಗತಿಯನ್ನು ನೆನಪಿಡಬೇಕು; ಮಾನ್ಸ್‌ಫೆಲ್ಡ್ ಕಥೆಯ ತಿರುವು ಇರುವುದೇ ಇಲ್ಲಿ.

ಅಧ್ಯಯನ ನಡೆದ ಬಗೆ

ಜರ್ಮನಿ ಒಂದಾದ ಮೇಲೆ, 1991ರಲ್ಲಿ, ಲೈಪ್‌ಜಿಗ್ ಮತ್ತು ಹಾಲೆ ನಗರಗಳಲ್ಲಿ ಪರಿಸರ ಸಂಶೋಧನಾ ಕೇಂದ್ರವೊಂದು ಆರಂಭವಾಯಿತು. ಅಲ್ಲಿನ ಗುಡ್ರುನ್ ಕ್ರೌಸ್, ಕೆನಡಾದ ಮೌಂಟ್ ಆಲಿಸನ್ ವಿಶ್ವವಿದ್ಯಾಲಯದ ಫೆಲಿಕ್ಸ್ ಬೇರ್ಲೋಖರ್ ಮತ್ತು ಮಂಗಳೂರು ವಿಶ್ವವಿದ್ಯಾಲಯದ ಕೆ.ಆರ್. ಶ್ರೀಧರ್ ಸಹೋದ್ಯೋಗಿಗಳೊಂದಿಗೆ ಸೇರಿ ಮಾನ್ಸ್‌ಫೆಲ್ಡ್‌ನ ತೊರೆಗಳನ್ನು ಅಧ್ಯಯನ ಮಾಡಿದರು. ಅವರ ಮುಖ್ಯ ಪ್ರಬಂಧಗಳು 2000ದಿಂದ ಮುಂದೆ ಒಂದರ ಹಿಂದೆ ಒಂದರಂತೆ ಪ್ರಕಟವಾದವು. ಪಶ್ಚಿಮ ಘಟ್ಟದ ತೊರೆಗಳ ಶಿಲೀಂಧ್ರಗಳನ್ನು ಬಲ್ಲ ಕಣ್ಣು ಯುರೋಪಿನ ಗಣಿ ತೊರೆಯನ್ನು ನೋಡಿದ್ದು ಈ ಕೆಲಸಕ್ಕೆ ಸಿಕ್ಕ ದೊಡ್ಡ ಬಲ ಎಂದು ನಾನು ಭಾವಿಸುತ್ತೇನೆ. ಬೀಜಕದ ಆಕಾರ ನೋಡಿ ಪ್ರಭೇದ ಗುರುತಿಸುವ ವಿದ್ಯೆ ಬಹುಪಾಲು ಅನುಭವದಿಂದಲೇ ಬರುವಂಥದು.

ವಿಧಾನ ಸರಳ. ಆಲ್ಡರ್ ಎಲೆಗಳನ್ನು ಬಲೆಚೀಲಗಳಲ್ಲಿ ತುಂಬಿ ತೊರೆಯಲ್ಲಿ ಮುಳುಗಿಸಿಡುತ್ತಾರೆ. ನಿಗದಿತ ಅವಧಿಗಳಲ್ಲಿ ಕೆಲವು ಚೀಲಗಳನ್ನು ಹೊರತೆಗೆದು ಉಳಿದ ಎಲೆಯ ತೂಕ ನೋಡುತ್ತಾರೆ. ಶಿಲೀಂಧ್ರದ ಪ್ರಮಾಣವನ್ನು ಎರ್ಗೋಸ್ಟೆರಾಲ್ ಎಂಬ ವಸ್ತುವಿನಿಂದ ಅಂದಾಜು ಮಾಡುತ್ತಾರೆ; ಅದು ಶಿಲೀಂಧ್ರದ ಜೀವಕೋಶದ ಪೊರೆಯಲ್ಲಿ ಇರುತ್ತದೆ, ಎಲೆಯಲ್ಲಿ ಇರುವುದಿಲ್ಲ. ಎಲೆಯ ತುಂಡುಗಳನ್ನು ಪ್ರಯೋಗಾಲಯದಲ್ಲಿ ಗಾಳಿ ಹಾಯಿಸಿದ ನೀರಿನಲ್ಲಿ ಇಟ್ಟು, ಹೊರಬಂದ ಬೀಜಕಗಳನ್ನು ಸೋಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಅಡಿಯಲ್ಲಿ ಎಣಿಸುತ್ತಾರೆ. ನೀರಿನ ಲೋಹಗಳ ಪ್ರಮಾಣವನ್ನೂ ಜೊತೆಜೊತೆಗೆ ಅಳೆಯುತ್ತಾರೆ.

ಪ್ರಬಂಧಗಳಲ್ಲಿ ಎರಡು ತಾಣಗಳು ಮತ್ತೆ ಮತ್ತೆ ಬರುತ್ತವೆ. ಎಚ್4 ಎಂಬ ಗುರುತಿನದು ಅತ್ಯಂತ ಕಲುಷಿತ. ಎಚ್8 ಅದಕ್ಕಿಂತ ಕಡಿಮೆ ಕಲುಷಿತ. ಮಾಮೂಲಿ ತೊರೆಯ ನೀರಿನಲ್ಲಿ ಸತುವಿನ ಪ್ರಮಾಣವನ್ನು ಲೀಟರಿಗೆ ಮೈಕ್ರೊಗ್ರಾಂ ಲೆಕ್ಕದಲ್ಲಿ ಹೇಳುತ್ತಾರೆ. ಎಚ್4ರಲ್ಲಿ ಅದನ್ನು ಗ್ರಾಂ ಲೆಕ್ಕದಲ್ಲಿ ಹೇಳಬೇಕಾಯಿತು. ಲಕ್ಷಪಟ್ಟಿನ ಈ ಅಂತರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದನ್ನು ಓದಬೇಕು.

ಕಂಡದ್ದೇನು

ಅಂಥ ನೀರಿನಲ್ಲಿಯೂ ಶಿಲೀಂಧ್ರಗಳಿದ್ದವು. ಎಚ್4ರಲ್ಲಿ ಮುಳುಗಿಸಿಟ್ಟ ಎಲೆಗಳಿಂದ ಜೀವಂತ ಬೀಜಕಗಳು ಹೊರಬಂದವು. ನಾಲ್ಕು ತೋಳಿನ ಬೀಜಕದ ಟೆಟ್ರಾಕ್ಲೇಡಿಯಂ ಮಾರ್ಚಾಲಿಯಾನಮ್, ಲವಂಗದ ಆಕಾರದ ಬೀಜಕದ ಹೆಲಿಸ್ಕಸ್ ಲುಗ್ಡುನೆನ್ಸಿಸ್ ಮೊದಲಾದವು ಈ ಕಲುಷಿತ ನೀರುಗಳಲ್ಲಿ ಸಿಕ್ಕವು. ಸಸ್ಯ, ಮೀನು, ಹುಳುಗಳ ಮಟ್ಟಿಗೆ ಇಂಥ ನೀರಿನಲ್ಲಿ ಬದುಕು ಅಸಾಧ್ಯವೆನ್ನುವಾಗ ಇದು ದೊಡ್ಡ ಸಂಗತಿಯೇ ಸರಿ.

ಆದರೆ ಇನ್ನೊಂದು ಮಗ್ಗುಲನ್ನು ನೋಡೋಣ. ಪ್ರಭೇದಗಳ ಸಂಖ್ಯೆ ಶುದ್ಧ ತೊರೆಯಲ್ಲಿ ನಿರೀಕ್ಷಿಸುವುದಕ್ಕಿಂತ ಬಹಳ ಕಡಿಮೆ ಇತ್ತು. ಮಾಲಿನ್ಯ ಏರಿದಂತೆ ಅದು ಇಳಿಯುತ್ತಿತ್ತು. ಉಳಿದ ಕೆಲವೇ ಪ್ರಭೇದಗಳಲ್ಲಿ ಒಂದೆರಡು ಮಾತ್ರ ಎಲೆಯನ್ನು ಆಳುತ್ತಿದ್ದವು. ಬೀಜಕಗಳ ಉತ್ಪತ್ತಿ ಕುಸಿದಿತ್ತು. ಎಚ್4ರಲ್ಲಿ ಎಲೆ ಕೊಳೆಯುವುದು ನಿಧಾನವಾಗಿತ್ತು. ಎಚ್8ರಲ್ಲಿ ಅದು ಎಷ್ಟೋ ವೇಗವಾಗಿತ್ತು.

ಹೀಗೆ, ಪ್ರಭೇದಗಳ ಪಟ್ಟಿಯನ್ನು ಮಾತ್ರ ಹಿಡಿದು ನೋಡುವವರು "ಶಿಲೀಂಧ್ರಗಳು ಇವೆ" ಎಂದು ಬರೆಯಬಹುದು. ಎಲೆಯನ್ನು ತೂಗಿದವರು "ಕೆಲಸ ಸರಿಯಾಗಿ ನಡೆಯುತ್ತಿಲ್ಲ" ಎಂದು ಬರೆಯುತ್ತಾರೆ. ಎರಡೂ ವಾಕ್ಯಗಳು ಒಂದೇ ತೊರೆಯ ಬಗ್ಗೆ ನಿಜ. ಪರಿಸರದ ಆರೋಗ್ಯದ ಪ್ರಶ್ನೆ ಬಂದಾಗ ನಾವು ಎರಡನೆಯದಕ್ಕೆ ಹೆಚ್ಚು ತೂಕ ಕೊಡಬೇಕು. ಇರುವಿಕೆಗೂ ದುಡಿಮೆಗೂ ನಡುವಿನ ಈ ಬಿರುಕು ಗಣಿ ಮಾಲಿನ್ಯದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಪೋರ್ಚುಗಲ್‌ನ ಮಿನ್ಹೊ ವಿಶ್ವವಿದ್ಯಾಲಯದ ಸಂಶೋಧಕರು ತೊರೆಯಲ್ಲಿ ಶಿಲೀಂಧ್ರ ಹಿಡಿಸಿದ ಎಲೆಗಳನ್ನು ಪ್ರಯೋಗಾಲಯದಲ್ಲಿ ತಾಮ್ರ ಮತ್ತು ಸತುವಿನ ಮಿಶ್ರಣಕ್ಕೆ ಒಡ್ಡಿದಾಗ ಶಿಲೀಂಧ್ರ ಸಮುದಾಯದ ಸ್ವರೂಪ ಬದಲಾಯಿತು, ಎಲೆ ಕೊಳೆಯುವಿಕೆ ಕುಗ್ಗಿತು. ಬೀಜಕೋತ್ಪತ್ತಿಯೇ ಎಲ್ಲಕ್ಕಿಂತ ಬೇಗ ಪೆಟ್ಟು ತಿನ್ನುತ್ತದೆ ಎಂಬುದು ಕ್ಯಾಡ್ಮಿಯಂ ಕುರಿತು 1980ರ ದಶಕದಲ್ಲೇ ಬೇರ್ಲೋಖರ್ ಮತ್ತು ಸಹೋದ್ಯೋಗಿ ಮಾಡಿದ ಪ್ರಯೋಗಗಳಲ್ಲಿ ಕಂಡಿತ್ತು. ಎಳೆಗಳು ಬೆಳೆಯುವುದನ್ನು ತಡೆಯಲು ಬೇಕಾದುದಕ್ಕಿಂತ ಕಡಿಮೆ ಲೋಹವೇ ಬೀಜಕ ಬಿಡುವುದನ್ನು ತಡೆಯಲು ಸಾಕು.

ಇದರ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶಿಲೀಂಧ್ರ ಒಂದು ಎಲೆಯಲ್ಲಿ ಬದುಕಿಯೇ ಇರುತ್ತದೆ, ಬೆಳೆಯುತ್ತಲೂ ಇರುತ್ತದೆ, ಆದರೆ ಮುಂದಿನ ಎಲೆಗೆ ಬಿತ್ತನೆ ಬೀಳುವುದಿಲ್ಲ. ಎಲೆ ನೀರಿನಲ್ಲಿ ಶಾಶ್ವತವಾಗಿ ಉಳಿಯುವ ನೆಲೆಯಲ್ಲ. ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಪ್ರತಿ ವರ್ಷವೂ ಹೊಸ ಎಲೆ ಬೀಳುತ್ತದೆ, ಪ್ರತಿ ಸಲವೂ ಹೊಸದಾಗಿ ನೆಲೆಯೂರಬೇಕು. ಬೀಜಕ ಬಿಡದ ಪ್ರಭೇದ ಆ ತೊರೆಯಿಂದ ಸದ್ದಿಲ್ಲದೆ ಕಳಚಿಕೊಳ್ಳುತ್ತದೆ. ಮೇಲಿನ ಹರಿವಿನಲ್ಲಿ ಶುದ್ಧ ನೀರಿನ ತೊರೆಯಿದ್ದರೆ ಅಲ್ಲಿಂದ ಬೀಜಕ ಬಂದು ಕೊರತೆ ತುಂಬಬಹುದು. ಗಣಿ ಸೋರಿಕೆಯೇ ತೊರೆಯ ಮೂಲವಾಗಿದ್ದರೆ ಆ ದಾರಿಯೂ ಇಲ್ಲ.

ಲೋಹ ಶಿಲೀಂಧ್ರದೊಳಗೆ ಮಾಡುವುದು

ತಾಮ್ರ ಮತ್ತು ಸತು ಎರಡೂ ಜೀವಕೋಶಕ್ಕೆ ಬೇಕಾದ ಲೋಹಗಳೇ. ಹಲವು ಕಿಣ್ವಗಳು ಅವಿಲ್ಲದೆ ನಡೆಯುವುದಿಲ್ಲ. ಮಿತಿ ಮೀರಿದಾಗ ತಾಮ್ರ ಜೀವಕೋಶದಲ್ಲಿ ಆಮ್ಲಜನಕದ ಅತಿಚುರುಕಾದ ರೂಪಗಳನ್ನು ಹುಟ್ಟಿಸುತ್ತದೆ. ಅವು ಪೊರೆಯನ್ನೂ ಪ್ರೋಟೀನನ್ನೂ ಸುಡುತ್ತವೆ. ಕ್ಯಾಡ್ಮಿಯಂನಿಂದ ಶಿಲೀಂಧ್ರಕ್ಕೆ ಯಾವ ಪ್ರಯೋಜನವೂ ಇಲ್ಲ. ಅದು ಸತು ಕೂರಬೇಕಾದ ಸ್ಥಳದಲ್ಲಿ ತಾನು ಕೂತು ಕಿಣ್ವವನ್ನು ಕೆಡಿಸುತ್ತದೆ, ಪ್ರೋಟೀನುಗಳ ಗಂಧಕದ ಭಾಗಗಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ.

ಶಿಲೀಂಧ್ರ ಸುಮ್ಮನೆ ಕೂರುವುದಿಲ್ಲ. ಮೊದಲ ತಡೆ ಅದರ ಕೋಶಭಿತ್ತಿ; ಲೋಹದ ಸಾಕಷ್ಟು ಪಾಲು ಅಲ್ಲೇ ಅಂಟಿಕೊಂಡು ನಿಲ್ಲುತ್ತದೆ. ಒಳಗೆ ನುಗ್ಗಿದ್ದನ್ನು ಹಿಡಿದು ಕಟ್ಟಿಹಾಕಲು ಗಂಧಕವಿರುವ ಸಣ್ಣ ಅಣುಗಳಿವೆ. ಎಚ್4ರಂಥ ತಾಣದಿಂದ ಬೇರ್ಪಡಿಸಿದ ಹೆಲಿಸ್ಕಸ್ ಲುಗ್ಡುನೆನ್ಸಿಸ್ ಮೇಲೆ ನಡೆದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಕ್ಯಾಡ್ಮಿಯಂಗೆ ಒಡ್ಡಿದಾಗ ಅದು ಗ್ಲುಟಾಥಯೋನ್ ಎಂಬ ಇಂಥ ಅಣುವಿನ ಜೊತೆಗೆ ಹಿಂದೆ ಗೊತ್ತಿರದ ಪುಟ್ಟ ಮೆಟಲೋಥಯೋನೀನ್ ಪ್ರೋಟೀನೊಂದನ್ನೂ, ಫೈಟೊಕೆಲಾಟಿನ್ ಎಂಬ ಪೆಪ್ಟೈಡನ್ನೂ ತಯಾರಿಸುತ್ತಿತ್ತು. ಫೈಟೊಕೆಲಾಟಿನ್ ಹೆಚ್ಚಾಗಿ ಸಸ್ಯಗಳಲ್ಲಿ ಹೆಸರಾದುದು. ಒಂದೇ ಜಲವಾಸಿ ಶಿಲೀಂಧ್ರದಲ್ಲಿ ಈ ಎರಡೂ ಬಗೆಯ ಅಸ್ತ್ರಗಳು ಸಿಕ್ಕಿದ್ದು ಜೀವರಸಾಯನ ವಿಜ್ಞಾನಕ್ಕೆ ಹೊಸದಾಗಿತ್ತು. ಹೆಚ್ಚು ಕಲುಷಿತ ಮತ್ತು ಕಡಿಮೆ ಕಲುಷಿತ ತಾಣಗಳಿಂದ ತಂದ ಇದೇ ಪ್ರಭೇದದ ಎರಡು ತಳಿಗಳು ಕ್ಯಾಡ್ಮಿಯಂ ಮತ್ತು ತಾಮ್ರದ ಎದುರು ಬೇರೆ ಬೇರೆ ರೀತಿಯಲ್ಲಿ ವರ್ತಿಸಿದವು ಎಂಬುದನ್ನು ಮುಂದಿನ ಪ್ರಯೋಗಗಳು ತೋರಿಸಿದವು. ಅಂದರೆ ಪ್ರಭೇದದ ಹೆಸರೊಂದನ್ನೇ ನೋಡಿ ಅದರ ತಾಳಿಕೆಯನ್ನು ಹೇಳಲಾಗದು. ಅದು ಯಾವ ನೀರಿನಿಂದ ಬಂದದ್ದು ಎಂಬುದೂ ಮುಖ್ಯ.

ಈ ರಕ್ಷಣೆಗೆ ಬೆಲೆಯಿದೆ. ಗಂಧಕಯುಕ್ತ ಪೆಪ್ಟೈಡುಗಳನ್ನು ಕಟ್ಟಲು ಸಾರಜನಕ ಬೇಕು, ಗಂಧಕ ಬೇಕು, ಶಕ್ತಿ ಬೇಕು. ಅದೆಲ್ಲವೂ ಕೊಳೆಯುವ ಎಲೆಯಿಂದಲೇ ಬರಬೇಕು. ಜೀವ ಉಳಿಸಿಕೊಳ್ಳಲು ಖರ್ಚಾದದ್ದು ಬೀಜಕಕ್ಕೂ ಕಿಣ್ವಕ್ಕೂ ಸಿಗುವುದಿಲ್ಲ. ಮೇಲೆ ಹೇಳಿದ ಬೀಜಕೋತ್ಪತ್ತಿಯ ಕುಸಿತಕ್ಕೂ ಎಲೆ ಕೊಳೆಯುವ ನಿಧಾನಕ್ಕೂ ಇದು ಒಂದು ಕಾರಣ ಎಂದು ನಾನು ಓದುತ್ತೇನೆ. ಇದೊಂದೇ ಕಾರಣವಲ್ಲ, ಲೋಹ ನೇರವಾಗಿ ಕಿಣ್ವಗಳನ್ನು ಕೆಡಿಸುವುದೂ, ಸಮರ್ಥ ಪ್ರಭೇದಗಳು ಕಾಣೆಯಾಗುವುದೂ ಅದರ ಜೊತೆಗಿವೆ.

ಎಲೆಯಿಂದ ಹೊಟ್ಟೆಗೆ

ಲೋಹವನ್ನು ಕಟ್ಟಿಹಾಕುವ ಶಿಲೀಂಧ್ರ ತನ್ನನ್ನು ಉಳಿಸಿಕೊಳ್ಳುತ್ತದೆ, ಸರಿ. ಆದರೆ ಹಾಗೆ ಕಟ್ಟಿದ ಲೋಹ ಅದರ ದೇಹದಲ್ಲಿಯೇ ಇದೆ. ಆ ದೇಹ ಎಲೆಯಲ್ಲಿದೆ. ಎಲೆಯನ್ನು ಗ್ಯಾಮರಸ್ ತಿನ್ನುತ್ತದೆ. ಗ್ಯಾಮರಸ್ ಕ್ಯಾಡ್ಮಿಯಂ ಅನ್ನು ನೀರಿನಿಂದ ಮಾತ್ರವಲ್ಲ, ಆಹಾರದ ಮೂಲಕವೂ ಪಡೆಯುತ್ತದೆ ಎಂಬುದನ್ನು 1988ರಲ್ಲೇ ಪ್ರಯೋಗದಿಂದ ತೋರಿಸಲಾಗಿತ್ತು. ನೀರಿನಲ್ಲಿ ಲೋಹ ತೀರ ಕಡಿಮೆಯಾದ ಕೆಳಹರಿವಿನಲ್ಲಿಯೂ, ಮೇಲಿನಿಂದ ತೇಲಿ ಬಂದ ಶಿಲೀಂಧ್ರ ಹಿಡಿದ ಎಲೆ ವಿಷವನ್ನು ಹೊತ್ತು ತರಬಹುದು. ನೀರಿನ ಮಾದರಿಯನ್ನಷ್ಟೇ ಪರೀಕ್ಷಿಸುವ ಪ್ರಯೋಗಾಲಯಕ್ಕೆ ಇದು ಕಾಣುವುದೇ ಇಲ್ಲ.

ಶಿಲೀಂಧ್ರಗಳಿಂದ ಲೋಹ ಹೀರಿಸಿ ನೀರನ್ನು ಶುದ್ಧ ಮಾಡಬಹುದಲ್ಲ ಎಂದು ಆಗಾಗ ಕೇಳಿಬರುತ್ತದೆ. ಕಾರ್ಖಾನೆಯ ತೊಟ್ಟಿಯಲ್ಲಿ, ತುಂಬಿದ ಶಿಲೀಂಧ್ರವನ್ನು ಮತ್ತೆ ಹೊರತೆಗೆಯುವ ಏರ್ಪಾಟಿದ್ದರೆ, ಅದು ಯೋಚಿಸತಕ್ಕ ದಾರಿ. ಹರಿಯುವ ತೊರೆಯಲ್ಲಿ ಅದೇ ಗುಣ ವಿಷವನ್ನು ಆಹಾರ ಸರಪಳಿಗೆ ಹತ್ತಿಸುವ ಮೆಟ್ಟಿಲಾಗುತ್ತದೆ. ಈ ಎರಡನ್ನೂ ಬೆರೆಸಿ ಮಾತನಾಡುವುದು ನನಗೆ ಒಪ್ಪಿಗೆಯಿಲ್ಲ.

ಈ ಪ್ರಕರಣದ ಮಿತಿಗಳು

ಯಾವುದೇ ಒಂದು ಪ್ರದೇಶದ ಅಧ್ಯಯನಕ್ಕೆ ಇರುವಂತೆ ಇದಕ್ಕೂ ಮಿತಿಗಳಿವೆ. ಮಾನ್ಸ್‌ಫೆಲ್ಡ್‌ನ ನೀರಿನಲ್ಲಿ ಒಂದು ಲೋಹವಲ್ಲ, ಹಲವು ಲೋಹಗಳ ಮಿಶ್ರಣವಿದೆ. ಸಲ್ಫೇಟ್ ಇದೆ, ಆರ್ಸೆನಿಕ್ ಇದೆ. ಅದಿರಿನ ಪದರದ ಮೇಲೆ ಉಪ್ಪಿನ ಪದರಗಳೂ ಇರುವುದರಿಂದ ಪ್ರದೇಶದ ಗಣಿ ನೀರು ಉಪ್ಪಾಗಿಯೂ ಇರುತ್ತದೆ. ಗಣಿಯ ನೀರನ್ನು ಹೊರಹಾಕಲು ಕೊರೆದ, ಮೂವತ್ತು ಕಿಲೋಮೀಟರಿಗೂ ಉದ್ದದ ಸುರಂಗ ಕಾಲುವೆಯೊಂದು ಇಂದಿಗೂ ಉಪ್ಪನ್ನೂ ಲೋಹಗಳನ್ನೂ ಒಯ್ದು ಜಾಲೆ ನದಿಯ ಕಡೆಗೆ ಸುರಿಯುತ್ತಿದೆ. ಇವುಗಳಲ್ಲಿ ಯಾವುದು ಎಷ್ಟು ಪಾಲು ಹಾನಿ ಮಾಡಿತು ಎಂದು ತೊರೆಯ ಬಳಿ ನಿಂತು ಬೇರ್ಪಡಿಸಿ ಹೇಳಲಾಗದು. ಅದಕ್ಕೆ ಪ್ರಯೋಗಾಲಯವೇ ಬೇಕು. ಪ್ರಯೋಗಾಲಯದಲ್ಲಿ ಎಂಟು ಶತಮಾನಗಳ ಹೊಂದಾಣಿಕೆ ಸಿಗುವುದಿಲ್ಲ.

ಎರಡನೆಯ ಮಿತಿ ಎಣಿಕೆಯದು. ಬೀಜಕ ನೋಡಿ ಪ್ರಭೇದ ಗುರುತಿಸುವ ವಿಧಾನದಲ್ಲಿ ಬೀಜಕ ಬಿಡದ ಶಿಲೀಂಧ್ರ ಲೆಕ್ಕಕ್ಕೆ ಸಿಗುವುದಿಲ್ಲ. ಲೋಹ ಮೊದಲು ನಿಲ್ಲಿಸುವುದೇ ಬೀಜಕವನ್ನು ಎಂದ ಮೇಲೆ, ಕಲುಷಿತ ತಾಣದಲ್ಲಿ ಈ ವಿಧಾನ ನಿಜಕ್ಕಿಂತ ಕಡಿಮೆ ಪ್ರಭೇದಗಳನ್ನು ತೋರಿಸುವ ಸಾಧ್ಯತೆ ಹೆಚ್ಚು. 2003ರ ಸುಮಾರಿಗೆ ಎಲೆಯಿಂದ ಡಿಎನ್ಎ ತೆಗೆದು ನೋಡುವ ವಿಧಾನಗಳು ಬಳಕೆಗೆ ಬಂದಾಗ, ಬೀಜಕದ ಎಣಿಕೆಗೆ ಸಿಗದ ಶಿಲೀಂಧ್ರಗಳೂ ಎಲೆಯಲ್ಲಿ ಇರುವುದು ಕಂಡಿತು. ಹಾಗೆಂದು ಹಳೆಯ ವಿಧಾನವನ್ನು ಬಿಸಾಡಬೇಕಿಲ್ಲ. ಡಿಎನ್ಎ ಇರುವಿಕೆಯನ್ನು ಹೇಳುತ್ತದೆ, ಬೀಜಕ ಮುಂದಿನ ಪೀಳಿಗೆಯನ್ನು ಹೇಳುತ್ತದೆ. ಎರಡರ ನಡುವಿನ ಅಂತರವೇ ಮಾಲಿನ್ಯದ ಒಂದು ಅಳತೆಯಾಗಬಲ್ಲದು.

ಬೇರೆ ಗಣಿಗಳಿಗೆ ಇದನ್ನು ಅನ್ವಯಿಸುವಾಗಲೂ ಎಚ್ಚರ ಬೇಕು. ಅಮೆರಿಕದ ಕೊಲರಾಡೊ ರಾಜ್ಯದ ರಾಕಿ ಪರ್ವತದ ತೊರೆಗಳಲ್ಲಿ ದೇವ್ ನಿಯೋಗಿ ಮತ್ತು ಸಹೋದ್ಯೋಗಿಗಳು ಗಣಿ ನೀರಿನ ಪರಿಣಾಮವನ್ನು ನೋಡಿದಾಗ ಇನ್ನೊಂದು ಸಂಗತಿ ಎದ್ದು ಕಂಡಿತು. ಆಮ್ಲೀಯ ನೀರು ಶುದ್ಧ ನೀರಿಗೆ ಕೂಡಿದ ಮೇಲೆ ಲೋಹದ ಹೈಡ್ರಾಕ್ಸೈಡುಗಳು ಗಟ್ಟಿಯಾಗಿ ಎಲೆಯ ಮೇಲೆ ಪದರವಾಗಿ ಕೂರುತ್ತವೆ. ಆ ಪದರ ಹೆಚ್ಚಾದಂತೆ ಎಲೆಯ ಮೇಲಿನ ಸೂಕ್ಷ್ಮಜೀವಿಗಳ ಉಸಿರಾಟ ಕುಗ್ಗುತ್ತದೆ. ಅಲ್ಲಿ ಕರಗಿದ ಲೋಹದ ವಿಷದ ಜೊತೆಗೆ ಎಲೆ ಹೂತುಹೋಗುವುದೂ ಸಮಸ್ಯೆ. ಇಂಗ್ಲೆಂಡಿನ ಕಲ್ಲಿದ್ದಲು ಗಣಿಯ ನೀರು ಸೇರಿದ ಹೊಳೆಯಲ್ಲಿ ಲೊರೇನ್ ಮಾಲ್ಟ್‌ಬಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಮಾಡಿದ ಕೆಲಸದಲ್ಲಿಯೂ ಶಿಲೀಂಧ್ರ ಸಮುದಾಯ ಬದಲಾದದ್ದು, ಎಲೆ ಕೊಳೆಯುವಿಕೆ ತಗ್ಗಿದ್ದು ಕಂಡಿದೆ. ಫಲಿತಾಂಶ ಹೋಲುತ್ತದೆ, ದಾರಿ ಬೇರೆ. ಪರಿಹಾರ ಯೋಜಿಸುವವರಿಗೆ ದಾರಿಯೇ ಮುಖ್ಯ: ಹೈಡ್ರಾಕ್ಸೈಡು ಪದರದ ಸಮಸ್ಯೆಯಿರುವಲ್ಲಿ ಗಸಿ ಕೂರುವ ಕೊಳ ನೆರವಾಗುತ್ತದೆ, ಕರಗಿದ ಸತುವಿನ ಸಮಸ್ಯೆಯಿರುವಲ್ಲಿ ಅದೊಂದೇ ಸಾಲದು.

ಮುಂದೆ ಅಳೆಯಬೇಕಾದದ್ದು

ಮಾನ್ಸ್‌ಫೆಲ್ಡ್ ಸೇರಿದಂತೆ ಹಲವು ತಾಣಗಳ ಜಲವಾಸಿ ಶಿಲೀಂಧ್ರ ಸಮುದಾಯಗಳನ್ನು ಮಾಲಿನ್ಯದ ಸೂಚಕಗಳಾಗಿ ಬಳಸಬಹುದೇ ಎಂದು ಇದೇ ತಂಡದವರು 2008ರಲ್ಲಿ ಪರಿಶೀಲಿಸಿದ್ದಾರೆ. ಬಳಸಬಹುದು ಎಂಬುದು ನನ್ನ ನಿಲುವೂ ಹೌದು. ಆದರೆ ಪ್ರಭೇದಗಳ ಪಟ್ಟಿಯೊಂದನ್ನೇ ಸೂಚಕ ಮಾಡಿಕೊಂಡರೆ ಎಚ್4ರಂಥ ತಾಣ ನಮ್ಮನ್ನು ದಾರಿ ತಪ್ಪಿಸುತ್ತದೆ. ಎಲೆಚೀಲ, ಬೀಜಕದ ಎಣಿಕೆ, ಎಲೆಯಲ್ಲಿ ಕೂಡಿದ ಲೋಹ ಇವು ಮೂರೂ ಒಟ್ಟಿಗೆ ಬೇಕು. ಇವುಗಳಲ್ಲಿ ಎಲೆಚೀಲ ಅತ್ಯಂತ ಅಗ್ಗದ್ದು. ಒಣಗಿಸಿ ತೂಗಿದ ಎಲೆ, ಬಲೆ, ದಾರ, ತಕ್ಕಡಿ ಇಷ್ಟಿದ್ದರೆ ಮೊದಲ ಅಂದಾಜು ಸಿಗುತ್ತದೆ. ಸಣ್ಣ ಕಣ್ಣಿನ ಬಲೆ ಹುಳುಗಳನ್ನು ಹೊರಗಿಟ್ಟು ಸೂಕ್ಷ್ಮಜೀವಿಗಳ ಕೆಲಸವನ್ನು ಮಾತ್ರ ತೋರಿಸುತ್ತದೆ, ದೊಡ್ಡ ಕಣ್ಣಿನದು ಇಬ್ಬರದನ್ನೂ ಕೂಡಿಸಿ ತೋರಿಸುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ಕಟ್ಟಿದರೆ ಪೆಟ್ಟು ಎಲ್ಲಿ ಬಿದ್ದಿದೆ ಎಂಬುದು ಸ್ಪಷ್ಟವಾಗುತ್ತದೆ. ಹೋಲಿಕೆಗೆ ಅದೇ ಬಗೆಯ ಕಲ್ಲುಮಣ್ಣಿನ ಮೇಲೆ ಹರಿಯುವ, ಗಣಿ ಸೋಕದ ತೊರೆಯೊಂದನ್ನು ಆರಿಸುವುದು ಈ ಕೆಲಸದಲ್ಲಿ ಕಷ್ಟದ ಭಾಗ. ಎಂಟು ಶತಮಾನ ಅಗೆದ ಪ್ರದೇಶದಲ್ಲಿ ಅಂಥ ತೊರೆ ಸುಲಭವಾಗಿ ಸಿಗುವುದಿಲ್ಲ.

ಟೈಸನ್ ಕೆಸರಿನಿಂದ ಸತು ಮೊದಲಾದ ಲೋಹಗಳನ್ನು ಮರಳಿ ಪಡೆಯುವ ಪ್ರಯೋಗಗಳು, ಸೂಕ್ಷ್ಮಜೀವಿಗಳ ನೆರವಿನಿಂದ ಮಾಡುವವೂ ಸೇರಿ, ಜರ್ಮನಿಯಲ್ಲಿ ನಡೆದಿವೆ. ಸಂಗ್ರಹಗಳನ್ನು ಮುಚ್ಚಿ ಮಳೆನೀರು ಇಳಿಯದಂತೆ ಮಾಡುವುದು ಇನ್ನೊಂದು ದಾರಿ. ಯಾವುದನ್ನೇ ಹಿಡಿದರೂ, ಕೆಳಗಿನ ತೊರೆಯ ನೀರಿನಲ್ಲಿ ಸತು ಇಳಿದದ್ದನ್ನು ತೋರಿಸಿ ಕೆಲಸ ಮುಗಿಯಿತೆನ್ನಬಾರದು. ತಳದ ಕೆಸರಿನಲ್ಲಿ ಕೂತ ಲೋಹ ವರ್ಷಗಟ್ಟಲೆ ಮೇಲೆ ಬರುತ್ತಿರುತ್ತದೆ, ಎಲೆ ಬೀಳುವುದೇ ಅಲ್ಲಿಗೆ. ಹೊಸ ಎಲೆಗಳಿಗೆ ಹಲವು ಪ್ರಭೇದಗಳ ಬೀಜಕ ಬಂದು ಅಂಟುತ್ತಿದೆಯೇ, ಆ ಎಲೆ ಪಕ್ಕದ ಶುದ್ಧ ತೊರೆಯ ಎಲೆಯಷ್ಟೇ ವೇಗವಾಗಿ ತೂಕ ಕಳೆದುಕೊಳ್ಳುತ್ತಿದೆಯೇ, ಅದನ್ನು ತಿಂದ ಗ್ಯಾಮರಸ್‌ನ ದೇಹದಲ್ಲಿ ಕ್ಯಾಡ್ಮಿಯಂ ಇಳಿಯುತ್ತಿದೆಯೇ ಎಂಬುದನ್ನು ಸತತ ಕೆಲವು ಎಲೆಯುದುರುವ ಕಾಲಗಳಲ್ಲಿ ನೋಡಿದ ಮೇಲೆಯೇ ಆ ತೊರೆಯ ಬಗ್ಗೆ ವರದಿ ಬರೆಯಬೇಕು.